‘ಬೇಡ’ ಅನ್ನುವವರಿಗೆ ಖರ್ಚಿಲ್ಲ

2025ರ ಸೆಪ್ಟೆಂಬರ್ 9ರ ರಾತ್ರಿ ಅಮೆರಿಕದಿಂದ ಅಕ್ಕ ಫೋನ್ ಮಾಡಿದಳು. ನನ್ನ ದೊಡ್ಡಮ್ಮನ ಮಗಳು. ಹಲೋ ಕೂಡ ಅನ್ನದೆ, “ಅಮ್ಮಂಗೆ ನೀನೇ ಹೇಳು, ನಾನು ಹೇಳಿದ್ರೆ ಕೇಳಲ್ಲ. ನೀನು ಹೂಂ ಅಂದ್ರೆ ಹೋಗ್ಲಿ, ಬೇಡ ಅಂದ್ರೆ ಬೇಡ” ಅಂದಳು. ಆ ಹೊತ್ತಿಗೆ ಕಠ್ಮಂಡುವಿನಲ್ಲಿ ಸಿಂಹದರ್ಬಾರ್ ಹೊತ್ತಿ ಉರಿಯುತ್ತಿರುವುದನ್ನು ಎಲ್ಲ ಚಾನೆಲ್‌ಗಳೂ ತೋರಿಸುತ್ತಿದ್ದವು. ಅರಸೀಕೆರೆಯಲ್ಲಿ ದೊಡ್ಡಪ್ಪ, ದೊಡ್ಡಮ್ಮ 24ನೇ ತಾರೀಖಿನ ನೇಪಾಳ ಪ್ರವಾಸಕ್ಕೆ ಸ್ವೆಟರ್ ತೆಗೆದಿಟ್ಟುಕೊಂಡು ಕೂತಿದ್ದರು.

ದೊಡ್ಡಮ್ಮನಿಗೆ 67, ದೊಡ್ಡಪ್ಪನಿಗೆ 71. ಅವರ ದೇವರಮನೆಯಲ್ಲಿ ನಾಲ್ಕು ತಲೆಮಾರಿನಿಂದ ಪೂಜೆಯಾಗುತ್ತಿರುವ ಒಂದು ಸಾಲಿಗ್ರಾಮವಿದೆ. ಸಾಲಿಗ್ರಾಮ ಸಿಗುವುದು ನೇಪಾಳದ ಗಂಡಕಿ ನದಿಯಲ್ಲಿ. ಮದುವೆಯಾಗಿ ಬಂದ ದಿನದಿಂದ ಅದಕ್ಕೆ ನೀರೆರೆಯುತ್ತಾ ಬಂದ ಹೆಂಗಸಿಗೆ, ಸಾಯುವ ಮೊದಲು ಆ ನದಿಯನ್ನೊಮ್ಮೆ ನೋಡಬೇಕು, ಅಲ್ಲಿಂದ ಮೇಲೆ ಮುಕ್ತಿನಾಥಕ್ಕೆ ಹೋಗಬೇಕು ಎಂಬ ಆಸೆ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಭೂಪಟ ತೋರಿಸಿದವರು ಸ್ವತಃ ದೇಶ ದಾಟಿರಲಿಲ್ಲ.

ನನ್ನನ್ನು ಯಾಕೆ ಕೇಳಿದರು ಅಂದರೆ, ನಾನಿರುವುದು ಮಾನೇಸರ್‌ನಲ್ಲಿ. ದಿಲ್ಲಿ–ಜೈಪುರ ಹೆದ್ದಾರಿಯ ಪಕ್ಕದ ಕೈಗಾರಿಕಾ ಊರು, ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಇಲ್ಲಿಂದ ದಿಲ್ಲಿ ವಿಮಾನ ನಿಲ್ದಾಣಕ್ಕೆ ಒಂದು ಗಂಟೆ. ಊರಿನವರ ಲೆಕ್ಕದಲ್ಲಿ ದಿಲ್ಲಿಯ ಹತ್ತಿರ ಇರುವವನಿಗೆ ಕಾಶಿ, ಕೇದಾರ, ಕಠ್ಮಂಡು ಎಲ್ಲವೂ ಹತ್ತಿರ, ಎಲ್ಲವೂ ಗೊತ್ತು.

ಮರುದಿನ ಬೆಳಿಗ್ಗೆ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅವರು ಆಗಲೇ ವಾದಕ್ಕೆ ಸಿದ್ಧರಾಗಿದ್ದರು. “ನೇಪಾಳ ಏನೋ ಫಾರಿನ್ನಾ? ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಪಶುಪತಿನಾಥನ ಪೂಜೆ ಮಾಡೋರೂ ನಮ್ಮ ಕಡೆ ಭಟ್ಟರೇ.”

ಅದು ಸುಳ್ಳಲ್ಲ. ಪಶುಪತಿನಾಥ ದೇವಾಲಯದ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ದಕ್ಷಿಣ ಭಾರತದಿಂದ, ಅದರಲ್ಲೂ ಕರ್ನಾಟಕದಿಂದ ಹೋಗುವವರು. ಆದರೆ 2009ರ ಸೆಪ್ಟೆಂಬರ್‌ನಲ್ಲಿ, ಭಾರತೀಯ ಅರ್ಚಕರು ಬೇಕೇ ಬೇಡವೇ ಎಂಬ ಜಗಳ ರಾಜಕೀಯಕ್ಕೆ ತಿರುಗಿದಾಗ, ಹೊಸದಾಗಿ ನೇಮಕವಾಗಿದ್ದ ಕರ್ನಾಟಕದ ಇಬ್ಬರು ಅರ್ಚಕರ ಮೇಲೆ ಹಲ್ಲೆಯಾಗಿತ್ತು. ನಮ್ಮವರು ಅಲ್ಲಿದ್ದಾರೆ ಅನ್ನುವುದು ಸಮಾಧಾನ ಕೊಡುತ್ತದೆ. ರಕ್ಷಣೆ ಕೊಡುವುದಿಲ್ಲ.

ಆ ಸಲ ನಾನು ‘ಬೇಡ’ ಅಂದೆ. ಅದು ಸರಿಯಾಗಿತ್ತು ಅಂತ ಈಗಲೂ ನಂಬಿದ್ದೇನೆ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎರಡು ತಿಂಗಳ ನಂತರ ಮತ್ತೊಮ್ಮೆ ‘ಬೇಡ’ ಅಂದಾಗ ಈ ಕಾರಣಗಳಲ್ಲಿ ಒಂದೂ ನನ್ನ ಬಳಿ ಇರಲಿಲ್ಲ.

ನೇಪಾಳ ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ಬಂದ್ ಮಾಡಿದ್ದು ಸೆಪ್ಟೆಂಬರ್ 4ರಂದು. 8ರಂದು ಬೀದಿಗಿಳಿದ ಹುಡುಗ ಹುಡುಗಿಯರ ಮೇಲೆ ಪೊಲೀಸರು ಗುಂಡು ಹಾರಿಸಿದರು; ಒಂದೇ ದಿನ 19 ಜನ ಸತ್ತರು. 9ರಂದು ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು, ಸಂಸತ್ ಭವನಕ್ಕೆ ಬೆಂಕಿ ಬಿತ್ತು, ತ್ರಿಭುವನ್ ವಿಮಾನ ನಿಲ್ದಾಣ ಮುಚ್ಚಿತು. ಜೈಲುಗಳಿಂದ 13,000ಕ್ಕೂ ಹೆಚ್ಚು ಕೈದಿಗಳು ತಪ್ಪಿಸಿಕೊಂಡರು. ಒಟ್ಟು ಸತ್ತವರು 70ಕ್ಕೂ ಹೆಚ್ಚು. ಕರ್ನಾಟಕದ ಹಲವರು ವಿಮಾನ ನಿಲ್ದಾಣದಲ್ಲೇ ಸಿಕ್ಕಿಹಾಕಿಕೊಂಡರು. ಪಶುಪತಿನಾಥನ ದರ್ಶನಕ್ಕೆಂದು ಹೋಗಿದ್ದ ಗಾಜಿಯಾಬಾದ್‌ನ ದಂಪತಿ ಉಳಿದುಕೊಂಡಿದ್ದ ದೊಡ್ಡ ಹೋಟೆಲಿಗೆ ಬೆಂಕಿ ಹಚ್ಚಿದಾಗ, ಮೇಲಿನ ಮಹಡಿಯಿಂದ ಇಳಿಯಲು ಹೋಗಿ ಹೆಂಡತಿ ಬಿದ್ದು ತೀರಿಕೊಂಡರು. ಗಾಜಿಯಾಬಾದ್ ಅಂದರೆ ನಮಗೆ ದಿಲ್ಲಿಯ ಆಚೆ ಮಗ್ಗುಲು.

ಆ ವಾರ ಅಲ್ಲಿ ಇಲ್ಲದೇ ಹೋದದ್ದು ಸರ್ಕಾರವೇ. ಪೊಲೀಸರಿಗೆ ಫೋನ್ ಮಾಡಿದರೆ ಎತ್ತುವವರು ಯಾರು? ವಿಮಾನ ಯಾವಾಗ ಹಾರುತ್ತದೆ ಅಂತ ಹೇಳುವವರು ಯಾರು? ಪರಿಸ್ಥಿತಿ ತಿಳಿಯಾಗುವವರೆಗೆ ನೇಪಾಳ ಪ್ರಯಾಣ ಮುಂದೂಡಿ ಎಂದು ನಮ್ಮ ವಿದೇಶಾಂಗ ಸಚಿವಾಲಯ ಹೇಳಿತ್ತು. ಅಷ್ಟಾದ ಮೇಲೂ ಪ್ರವಾಸದ ಏಜೆಂಟ್ “ಏನೂ ಆಗಲ್ಲ ಮೇಡಂ, ಒಂದು ವಾರದಲ್ಲಿ ಸರಿ ಹೋಗುತ್ತೆ” ಅನ್ನುತ್ತಿದ್ದ. ಮುಂಗಡ ವಾಪಸ್ ಕೊಡಬೇಕಾದವನ ಬಾಯಲ್ಲಿ ಬೇರೆ ಮಾತು ಬರುವುದು ಕಷ್ಟ.

ದೊಡ್ಡಪ್ಪ ಕೊನೆಯ ಬಾಣ ಬಿಟ್ಟರು: “ಏನಾದ್ರೂ ಆದ್ರೆ ಸರ್ಕಾರ ವಿಮಾನ ಕಳಿಸುತ್ತಪ್ಪ.” ಕಳಿಸುತ್ತದೆ, ನಿಜ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ‘ಆಪರೇಷನ್ ಕಾವೇರಿ’ ಹೆಸರಲ್ಲಿ ಸಾವಿರಾರು ಭಾರತೀಯರನ್ನು ಕರೆತಂದರು. ಅವರಲ್ಲಿ ನಮ್ಮ ಹಕ್ಕಿಪಿಕ್ಕಿ ಜನರಿದ್ದರು; ಗಿಡಮೂಲಿಕೆ ಔಷಧಿ ಮಾರಿ ಹೊಟ್ಟೆ ಹೊರೆಯಲು ಅಷ್ಟು ದೂರ ಹೋದವರು. ಅವರಿಗೆ ‘ಮುಂದಿನ ವರ್ಷ ಹೋದರಾಯಿತು’ ಅನ್ನುವ ಅನುಕೂಲ ಇರಲಿಲ್ಲ. ನಮಗಿತ್ತು. ಇಂಥ ಹೊತ್ತಿನಲ್ಲಿ ಹಾರುವ ಮೊದಲ ವಿಮಾನದ ಸೀಟುಗಳು ಲೆಕ್ಕದವು. ಬೇಡ ಅಂದರೂ ಹೋಗಿ ಸಿಕ್ಕಿಹಾಕಿಕೊಂಡ ಪ್ರವಾಸಿ, ಹೋಗದೆ ವಿಧಿಯಿಲ್ಲದೆ ಹೋದವನ ಪಕ್ಕದಲ್ಲಿ ಕೈಚಾಚಿ ನಿಲ್ಲುತ್ತಾನೆ. ಸರ್ಕಾರ ‘ಮುಂದೂಡಿ’ ಅಂದಾಗ ಮುಂದೂಡಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಕಾಣುವುದಿಲ್ಲ. ದೊಡ್ಡಪ್ಪ ಸುಮ್ಮನಾದರು. ಮುಂಗಡದಲ್ಲಿ ಸ್ವಲ್ಪ ದುಡ್ಡು ಹೋಯಿತು. ಸ್ವೆಟರ್ ಬೀರುವಿಗೆ ವಾಪಸ್ ಹೋಯಿತು.

ಸೆಪ್ಟೆಂಬರ್ 12ರಂದು ಸುಶೀಲಾ ಕರ್ಕಿ ಮಧ್ಯಂತರ ಪ್ರಧಾನಿಯಾದರು. 2026ರ ಮಾರ್ಚ್ 5ಕ್ಕೆ ಚುನಾವಣೆ ಘೋಷಣೆಯಾಯಿತು. ವಿಮಾನಗಳು ಎಂದಿನಂತೆ ಹಾರತೊಡಗಿದವು. ದೊಡ್ಡಮ್ಮ ದೀಪಾವಳಿ ಮುಗಿಸಿ, ನವೆಂಬರ್ ಕೊನೆಗೆ ಮತ್ತೆ ಟಿಕೆಟ್ ಮಾಡಿಸಿದರು. ಹೊರಡಲು ನಾಲ್ಕು ದಿನ ಇರುವಾಗ ಬಾರಾ ಜಿಲ್ಲೆಯ ಸಿಮರಾದಲ್ಲಿ ಓಲಿಯವರ ಪಕ್ಷದವರಿಗೂ ಯುವಕರಿಗೂ ಜಗಳವಾಗಿ ಕರ್ಫ್ಯೂ ಹಾಕಿದರು. ಫೋನಿನಲ್ಲಿ ಆ ಸುದ್ದಿ ಕಂಡದ್ದೇ ತಡ, ನಾನು ಅರಸೀಕೆರೆಗೆ ಫೋನ್ ಮಾಡಿ “ದೊಡ್ಡಮ್ಮ, ಮತ್ತೆ ಶುರುವಾಗಿದೆ, ಬೇಡ” ಅಂದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಊರು ನಾವು ಹೋಗೋ ದಾರೀಲಿದೆಯಾ?” ಅಂತ ಕೇಳಿದರು. ನಾನು ನೋಡಿರಲಿಲ್ಲ. ನೋಡಿದೆ. ಸಿಮರಾ ಇರುವುದು ದಕ್ಷಿಣದ ತರಾಯಿ ಬಯಲಿನಲ್ಲಿ. ಇವರು ಹೋಗುವುದು ಕಠ್ಮಂಡು, ಪೋಖರಾ, ಜೋಮ್‌ಸೋಮ್, ಮುಕ್ತಿನಾಥ. “ಇಲ್ಲ” ಅಂದೆ. “ಮತ್ತೆ? ಆವತ್ತು ನೀನೇ ಹೇಳಿದ್ಯಲ್ಲೋ, ನೂಹ್ ಬೇರೆ, ಮಾನೇಸರ್ ಬೇರೆ ಅಂತ.”

ಹೇಳಿದ್ದೆ. 2023ರ ಜುಲೈ 31ರಂದು ನಮ್ಮ ಹರಿಯಾಣದ ನೂಹ್‌ನಲ್ಲಿ ಮೆರವಣಿಗೆಯ ಹೊತ್ತಿಗೆ ಗಲಭೆಯಾಯಿತು. ಅದೇ ಆಗಸ್ಟ್ ಮೊದಲ ವಾರ ದೊಡ್ಡಮ್ಮ ನಮ್ಮ ಮನೆಗೆ ಬರುವವರಿದ್ದರು. ಅಕ್ಕ ಅಮೆರಿಕದಿಂದಲೇ ತಡೆದಳು. ನೂಹ್, ಫರೀದಾಬಾದ್, ಪಲ್ವಲ್ ಜಿಲ್ಲೆಗಳ ಜೊತೆಗೆ ಗುರುಗ್ರಾಮದ ಸೋಹ್ನಾ, ಪಟೌಡಿ, ಮಾನೇಸರ್‌ಗಳಲ್ಲೂ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದ್ದರು. ಟಿವಿಯಲ್ಲಿ ನಮ್ಮ ಊರಿನ ಹೆಸರೂ ಓಡುತ್ತಿತ್ತು. ನನಗೆ ಸಿಟ್ಟು ಬಂದಿತ್ತು. ಇಲ್ಲಿ ಹಾಲು ಬರುತ್ತಿದೆ, ಕಾರ್ಖಾನೆಯ ಬಸ್ಸು ಬರುತ್ತಿದೆ, ನಾನು ಮೂರೂ ಪಾಳಿ ನೋಡಿದ್ದೇನೆ, ಏನೂ ಇಲ್ಲ, ಯಾರೋ ದೂರದಲ್ಲಿ ಕೂತು ಟಿವಿ ನೋಡಿ ಹೆದರಿಸುತ್ತಾರೆ ಅಂತ ಕೂಗಾಡಿದ್ದೆ. ಎರಡು ವರ್ಷದ ಮೇಲೆ ಸಿಮರಾದ ಸುದ್ದಿ ಓದಿ ನಾನು ಮಾಡಿದ್ದೂ ಅದನ್ನೇ.

ಆದರೆ ಅವತ್ತಿನ ನನ್ನ ‘ಏನೂ ಇಲ್ಲ’ ಅನ್ನುವ ಮಾತಿನಲ್ಲೂ ಅರ್ಧ ಸುಳ್ಳಿತ್ತು. ಆ ರಾತ್ರಿ ಗುರುಗ್ರಾಮದ ಸೆಕ್ಟರ್ 57ರಲ್ಲಿ ಮಸೀದಿಯ ಮೇಲೆ ದಾಳಿ ಮಾಡಿ ಅಲ್ಲಿನ ಯುವ ಇಮಾಮರನ್ನು ಕೊಂದಿದ್ದರು. ಬಾದಶಾಹ್‌ಪುರದಲ್ಲಿ ಅಂಗಡಿಗಳಿಗೆ ಬೆಂಕಿ ಇಟ್ಟಿದ್ದರು. ನಮ್ಮ ಬೀದಿಯ ಕೊನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಬಂಗಾಳದ ಮುಸ್ಲಿಂ ಕುಟುಂಬ ಆ ವಾರ ಗಂಟುಮೂಟೆ ಕಟ್ಟಿ ಹೋಯಿತು, ನನ್ನ ಎರಡು ಅಂಗಿಗಳನ್ನು ಪಕ್ಕದ ಮನೆಯಲ್ಲಿ ಕೊಟ್ಟು. ಒಂದೇ ಬೀದಿ, ಒಂದೇ ದಿನ. ನನಗೆ ಏನೂ ಇರಲಿಲ್ಲ, ಅವರಿಗೆ ಎಲ್ಲವೂ ಇತ್ತು.

ಹಾಗಾಗಿ ‘ಆ ದೇಶ ಸುರಕ್ಷಿತವೇ?’ ಎಂಬ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ ಅನ್ನಿಸುತ್ತದೆ. ದೇಶ ಬಹಳ ದೊಡ್ಡದು, ಅದರೊಳಗಿನ ಜನರೂ ಒಂದೇ ಥರ ಇರುವುದಿಲ್ಲ. ಕೇಳಬೇಕಾದ್ದು ಸಣ್ಣ ಪ್ರಶ್ನೆಗಳು. ಗಲಾಟೆ ಇವರ ದಾರಿಯಲ್ಲಿದೆಯೇ? ಅಲ್ಲಿ ಆಡಳಿತ ನಡೆಯುತ್ತಿದೆಯೇ, ನಿಲ್ದಾಣ ತೆರೆದಿದೆಯೇ, ಆಸ್ಪತ್ರೆಗೆ ಹೋಗುವ ರಸ್ತೆ ತೆರೆದಿದೆಯೇ? ಬೀದಿಗಿಳಿದವರ ಸಿಟ್ಟು ಯಾರ ಮೇಲೆ, ಆ ಸಿಟ್ಟಿನ ಕಣ್ಣಿಗೆ ಇವರು ಯಾರಾಗಿ ಕಾಣುತ್ತಾರೆ?

ನಾಲ್ಕನೆಯದು ವಯಸ್ಸಾದವರ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ: ಎಲ್ಲ ಬಂದ್ ಆದರೆ ಇವರು ಎಷ್ಟು ದಿನ ಒಂದೇ ಕಡೆ ಕೂರಬಲ್ಲರು? ಗಲಭೆಯಲ್ಲಿ ಸಿಕ್ಕಿಕೊಂಡ ಹೆಚ್ಚಿನ ಪ್ರವಾಸಿಗಳನ್ನು ಕಾಡುವುದು ಕಲ್ಲಲ್ಲ, ಕಾಯುವುದು. ಮುಗಿದುಹೋದ ಸಕ್ಕರೆ ಕಾಯಿಲೆಯ ಮಾತ್ರೆ, ರೋಮಿಂಗ್ ಇಲ್ಲದ ಸಿಮ್, ನೆಲದ ಮೇಲೆ ಮಲಗಿದರೆ ಏಳಲಾಗದ ಮಂಡಿ. ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ, ಮತದಾರರ ಗುರುತಿನ ಚೀಟಿ ಸಾಕು ಅನ್ನುವುದು ಸರಿ. ಆದರೆ ನೇರ ವಿಮಾನ ನಿಂತು ಬೇರೆ ದೇಶದ ಮೇಲೆ ಸುತ್ತಿ ಬರಬೇಕಾದರೆ ಆ ಚೀಟಿ ಕೆಲಸಕ್ಕೆ ಬಾರದು. ವಿಮೆಯೂ ಅಷ್ಟೇ: ‘ನಮಗೆ ಭಯವಾಯಿತು’ ಅಂತ ರದ್ದು ಮಾಡಿದರೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ, ಗಲಭೆಯ ಷರತ್ತು ಪಾಲಿಸಿಯಿಂದ ಪಾಲಿಸಿಗೆ ಬೇರೆ. ಮಕ್ಕಳಾದವರು ಕೂತು ಓದಬೇಕಾದ್ದು ಆ ಸಣ್ಣ ಅಕ್ಷರಗಳನ್ನು, ವಾಟ್ಸಾಪಿನ ವಿಡಿಯೊಗಳನ್ನಲ್ಲ.

ಇನ್ನು ತೀರ್ಮಾನ ಯಾರದು? ಸಲಹೆ ಕೊಡುವವನ ಲಾಭ ನಷ್ಟ ವಿಚಿತ್ರವಾದದ್ದು. ನಾನು ‘ಹೋಗಿ’ ಅಂದು ಏನಾದರೂ ಆದರೆ ಜೀವಮಾನವಿಡೀ ಅಕ್ಕನ ಮುಖ ನೋಡಲಾರೆ. ‘ಬೇಡ’ ಅಂದು ಅಲ್ಲಿ ಏನೂ ಆಗದೇ ಹೋದರೆ ನನ್ನನ್ನು ಯಾರೂ ಕೇಳುವುದಿಲ್ಲ. ‘ಒಳ್ಳೇದೇ ಆಯ್ತು’ ಅಂತಾರೆ. ‘ಬೇಡ’ಕ್ಕೆ ನನಗೆ ಖರ್ಚಿಲ್ಲ. ಖರ್ಚೆಲ್ಲ ದೊಡ್ಡಮ್ಮನದು. ನಮ್ಮಂಥವರು ‘ಮುಂದಿನ ವರ್ಷ’ ಅಂತ ಸುಲಭವಾಗಿ ಹೇಳುತ್ತೇವೆ. 71 ವರ್ಷದ ಮಂಡಿಗಳಿಗೆ ಸುಮಾರು 3,700 ಮೀಟರ್ ಎತ್ತರದ ಮುಕ್ತಿನಾಥ ಮುಂದಿನ ವರ್ಷವೂ ಇಷ್ಟೇ ಎತ್ತರದಲ್ಲಿರುವುದಿಲ್ಲ. ಅವರ ಕ್ಷೇಮ ಅಂತ ನಾವು ಕರೆಯುವುದರಲ್ಲಿ ಎಷ್ಟು ಪಾಲು ನಮ್ಮ ನಿದ್ದೆಯ ಚಿಂತೆ ಅಂತ ಕೇಳಿಕೊಳ್ಳಬೇಕು.

ಸ್ವದೇಶವಾದರೆ ಧೈರ್ಯ ಅಂತ ಹೇಳುವ ಹಾಗೂ ಇಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದಾಗ ಅವರಲ್ಲಿ ಕರ್ನಾಟಕದವರೂ ಇದ್ದರು. ರಜೆ ಕಳೆಯಲು ಹೋದವರು, ಪ್ರವಾಸಿಗಳು ತುಂಬಿದ ಬಯಲಿಗೆ. ಯಾವ ಸೂಚನೆಯೂ ಮೊದಲೇ ಬಂದಿರಲಿಲ್ಲ. ಎಲ್ಲ ಅಪಾಯವನ್ನೂ ಮೊದಲೇ ತಿಳಿಯಲಾಗದು ಅನ್ನುವುದು ಎಲ್ಲಿಗೂ ಹೋಗಬೇಡಿ ಅನ್ನುವುದಕ್ಕೆ ಕಾರಣವಾಗಬಾರದು. ತಿಳಿದ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು.

ನನ್ನ ಅಭಿಪ್ರಾಯ ಇಷ್ಟು. ಸರ್ಕಾರ ‘ಹೋಗಬೇಡಿ’ ಅಂದಾಗ, ಅಲ್ಲಿ ಆಡಳಿತವೇ ಕುಸಿದಾಗ, ಹಿರಿಯರ ಜೊತೆ ಜಗಳವಾದರೂ ಸರಿ, ತಡೆಯಬೇಕು. ಅದು ಅವರೊಬ್ಬರ ವಿಷಯವಲ್ಲ. ಅದಿಲ್ಲದಾಗ ನಮ್ಮ ಭಯಕ್ಕೆ ಮತ ಇರಬಹುದು, ಅಡ್ಡಗಾಲು ಹಾಕುವ ಅಧಿಕಾರ ಇರಬಾರದು. ಬುದ್ಧಿ ಸ್ಥಿಮಿತದಲ್ಲಿರುವ, ತನ್ನ ಪಿಂಚಣಿಯ ದುಡ್ಡಿನಲ್ಲಿ ಹೊರಟ ಮನುಷ್ಯರಿಗೆ ಗೊತ್ತಿರುವುದನ್ನು ಪೂರ್ತಿ ಹೇಳಿ, ದಾರಿಗೆ ಬೇಕಾದ್ದನ್ನು ಜೋಡಿಸಿಕೊಟ್ಟು, ಕೈ ಬಿಡಬೇಕು.

ಅಕ್ಕನಿಗೆ ಇದನ್ನು ಒಪ್ಪಿಸಲು ಎರಡು ರಾತ್ರಿ ಹಿಡಿಯಿತು. “ನೀನು ಹೂಂ ಅಂತೀಯಾ ಹಾಗಾದ್ರೆ?” ಅಂತ ಮತ್ತೆ ಮತ್ತೆ ಕೇಳಿದಳು. “ನಾನು ಹೂಂನೂ ಅನ್ನಲ್ಲ, ಊಹೂಂನೂ ಅನ್ನಲ್ಲ, ಅವರು ಹೋಗ್ತಿದ್ದಾರೆ” ಅಂದೆ. ಹದಿನೈದು ದಿನದ ಹೆಚ್ಚುವರಿ ಮಾತ್ರೆ, ರೋಮಿಂಗ್, ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯ ನಂಬರನ್ನು ಕಾಗದದ ಮೇಲೆ ಬರೆದು ಇಬ್ಬರ ಚೀಲದಲ್ಲೂ. ದಿಲ್ಲಿ ನಿಲ್ದಾಣದಲ್ಲಿ ನಾನೇ ಬಿಟ್ಟು ಬಂದೆ. ಬರುವಾಗ ಖೇಡ್ಕಿ ದೌಲಾ ಟೋಲ್‌ನಲ್ಲಿ ಮುಕ್ಕಾಲು ಗಂಟೆ ನಿಂತಿದ್ದಾಗ, ಏನಾದರೂ ಆದರೆ ಅನ್ನುವ ಯೋಚನೆ ಹೊಟ್ಟೆಯಲ್ಲಿ ತಿರುಗುತ್ತಲೇ ಇತ್ತು. ಆ ಖರ್ಚು ನನ್ನದು. ಅದನ್ನು ನಾನು ಕೊಡಲೇಬೇಕಿತ್ತು.

ಆದದ್ದು ಇಷ್ಟೇ: ಗಾಳಿ ಜೋರಾಗಿ ಜೋಮ್‌ಸೋಮ್ ವಿಮಾನ ಹಾರಲಿಲ್ಲ, ಪೋಖರಾದಲ್ಲಿ ಎರಡು ದಿನ ಕೂತರು. ಮೂರನೇ ದಿನ ಗಂಡಕಿಯ ದಡದಿಂದ ದೊಡ್ಡಮ್ಮ ವಿಡಿಯೊ ಕಾಲ್ ಮಾಡಿದರು. ಗಾಳಿಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ನೀರು ಬೂದಿ ಬಣ್ಣಕ್ಕಿತ್ತು. ಅವರು ಫೋನನ್ನು ನದಿಯ ಕಡೆಗೇ ಹಿಡಿದಿದ್ದರು, ತಮ್ಮ ಮುಖದ ಕಡೆ ತಿರುಗಿಸಲೇ ಇಲ್ಲ.