ವೀಗನ್ನೋ, ಬಂಗುಡೆಯೋ? ಮೊದಲು ಬಟ್ಟಲು ನೋಡೋಣ



ತಪಸ್ಸುಕಾಲ ಬಂತೆಂದರೆ ನಮ್ಮ ಯುವಜನರ ನಡುವೆ ಒಂದು ಚರ್ಚೆ ಬಿಸಿಯೇರುತ್ತದೆ. "ಮೀನು, ಮಾಂಸ, ಮೊಟ್ಟೆ, ಹಾಲು ಎಲ್ಲ ಬಿಟ್ಟು ವೀಗನ್ ಆಗಿ, ಆರೋಗ್ಯ ತಾನಾಗಿ ಬರುತ್ತದೆ" ಎಂದು ಒಂದು ಪಕ್ಷ. "ಬಂಗುಡೆ ಇಲ್ಲದ ಊಟವೂ ಒಂದು ಊಟವೇ? ಪ್ರೊಟೀನ್ ಎಲ್ಲಿಂದ ಬರಬೇಕು?" ಎಂದು ಇನ್ನೊಂದು ಪಕ್ಷ. ಎರಡು ಪಕ್ಷದಲ್ಲೂ ಅರ್ಧ ಸತ್ಯವಿದೆ ಎಂಬುದು ನಮ್ಮ ಅಭಿಪ್ರಾಯ.

ಬ್ರಿಟನ್ನಿನಲ್ಲಿ ಸುಮಾರು 48,000 ಜನರನ್ನು 18 ವರ್ಷ ಗಮನಿಸಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮಾಂಸ ತಿನ್ನುವವರಿಗಿಂತ ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 22 ಕಡಿಮೆ, ಆದರೆ ಪಾರ್ಶ್ವವಾಯು ಶೇ. 20 ಹೆಚ್ಚು ಕಂಡಿತು. ಮಾಂಸ ಬಿಟ್ಟು ಮೀನು ತಿನ್ನುವವರಲ್ಲೂ ಹೃದಯದ ಕಾಯಿಲೆ ಕಡಿಮೆಯೇ ಇತ್ತು. ಅದೇ ಸಮೂಹದ ಮುಂದಿನ ವರದಿಯಲ್ಲಿ ವೀಗನ್ನರಿಗೆ ಮೂಳೆ ಮುರಿತ ಹೆಚ್ಚೆಂದು ತಿಳಿಯಿತು. ಇಂಥ ಅಧ್ಯಯನಗಳು ಕಾರಣವನ್ನು ಪೂರ್ತಿ ಸಾಬೀತು ಮಾಡುವುದಿಲ್ಲ. ಆದರೆ ಯಾವ ಪಕ್ಷವೂ ಗೆದ್ದೆವೆಂದು ಚಪ್ಪಾಳೆ ತಟ್ಟುವಂತಿಲ್ಲ ಎನ್ನುವಷ್ಟು ಸ್ಪಷ್ಟ.

ವೀಗನ್ ಆಗಬಯಸುವವರು ಮುಖ್ಯವಾಗಿ ತಿಳಿಯಬೇಕಾದದ್ದು ಬಿ12 ವಿಟಮಿನ್ ವಿಷಯ. ಸೊಪ್ಪು, ಕಾಳು, ತರಕಾರಿಗಳಿಂದ ಇದು ಸಿಗುವುದಿಲ್ಲ. ಪಿತ್ತಜನಕಾಂಗದಲ್ಲಿ ಇದರ ದಾಸ್ತಾನು ವರ್ಷಗಟ್ಟಲೆ ಇರುವುದರಿಂದ ಕೊರತೆ ತಕ್ಷಣ ಗೊತ್ತಾಗುವುದಿಲ್ಲ. ಸುಸ್ತು, ಕೈಕಾಲು ಜೋಮು, ಮರೆವು ಕಾಣಿಸುವಾಗ ತಡವಾಗಿರುತ್ತದೆ. 40 ದಿನದ ವ್ರತಕ್ಕೆ ಆರೋಗ್ಯವಂತರು ಹೆದರಬೇಕಿಲ್ಲ. ಆದರೆ ಬದುಕಿಡೀ ಹಾಗೆ ಇರುವವರು ಬಿ12 ಮಾತ್ರೆ ತೆಗೆದುಕೊಳ್ಳಲೇಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು.

ಮಾಂಸದ ಪಕ್ಷದವರಿಗೂ ಒಂದು ಮಾತು. ಸಾಸೇಜ್, ಬೇಕನ್, ಸಲಾಮಿಯಂಥ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ಹಂದಿ, ದನದ ಮಾಂಸವನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿಗೆ ಸೇರಿಸಿತು. ಹಬ್ಬಕ್ಕೊಮ್ಮೆ ಸನ್ನದ ಜೊತೆ ಹಂದಿ ಪದಾರ್ಥ ಉಣ್ಣುವುದು ಬೇರೆ, ವಾರಕ್ಕೆ ನಾಲ್ಕು ದಿನ ಪೊರೋಟ, ಕರಿದ ಕೋಳಿ ತಿನ್ನುವುದು ಬೇರೆ. ಬೂತಾಯಿ, ಬಂಗುಡೆ ಒಳ್ಳೆಯ ಆಹಾರವೇ, ಆದರೆ ದಿನವೂ ಎಣ್ಣೆಯಲ್ಲಿ ಮುಳುಗಿಸಿದರೆ ಆ ಒಳ್ಳೆಯತನ ಎಷ್ಟು ಉಳಿದೀತು?

ನಮಗೆ ನಿಜವಾದ ಚಿಂತೆ ಬೇರೆ ಇದೆ. ದೇಶದಲ್ಲಿ ಮಧುಮೇಹಿಗಳು 10 ಕೋಟಿ ದಾಟಿದ್ದಾರೆಂದು 2023ರ ರಾಷ್ಟ್ರೀಯ ಅಧ್ಯಯನ ಹೇಳಿತು. ಕೇರಳದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 36 ಮಂದಿಗೆ ರಕ್ತಹೀನತೆ ಎಂದು 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿತು. ಅಂದರೆ ನಮ್ಮ ಕಾಯರ್‌ನಲ್ಲಿ ಹಾಡುವ ಅಕ್ಕತಂಗಿಯರಲ್ಲೂ ಕೆಲವರು ರಕ್ತ ಕಡಿಮೆಯಿಟ್ಟುಕೊಂಡೇ ಓಡಾಡುತ್ತಿರಬಹುದು. ತೆಳ್ಳಗಾಗಲೆಂದು ಮೀನು, ಮೊಟ್ಟೆ, ಹಾಲು ಒಟ್ಟಿಗೆ ಬಿಟ್ಟು, ಅನ್ನ ಮತ್ತು ತಿಳಿಸಾರಿನಲ್ಲಿ ದಿನ ದೂಡುವುದಕ್ಕೆ ವೀಗನ್ ಎಂದು ಹೆಸರಿಟ್ಟರೆ ಅದು ಆರೋಗ್ಯವಾಗುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಮಾರ್ಗಸೂಚಿ ಪ್ರಕಾರ ಬಟ್ಟಲಿನ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು ಇರಬೇಕು. ನಮ್ಮ ಮನೆಗಳಲ್ಲೋ ಅನ್ನದ ಗುಡ್ಡ, ಪಕ್ಕದಲ್ಲಿ ಒಂದು ಸೌಟು ಪಲ್ಯ! ಮೊದಲು ತಿದ್ದಬೇಕಾದದ್ದು ಇದನ್ನು. ಇದಕ್ಕೆ ದುಬಾರಿ ಬಾದಾಮಿ ಹಾಲು, ಪ್ರೊಟೀನ್ ಪುಡಿ ಬೇಡ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೊಟೀನ್ ಇದೆ. 60 ಕಿಲೋ ತೂಕದವರಿಗೆ ದಿನಕ್ಕೆ ಬೇಕಾದದ್ದು ಸುಮಾರು 50 ಗ್ರಾಂ. ಹೆಸರು, ಅಲಸಂಡೆ, ಬಸಳೆ, ಹಿತ್ತಿಲ ನುಗ್ಗೆಸೊಪ್ಪು, ಹಲಸಿನ ಬೀಜ ಯಾವುದೂ ನಮಗೆ ಹೊಸದಲ್ಲ. ಮೇಲೆ ನಿಂಬೆ ಹಿಂಡಿದರೆ ಕಾಳು, ಸೊಪ್ಪಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದೇ ಕಬ್ಬಿಣ ಕಡಿಮೆ ಸಿಗುತ್ತದೆ.

ಸೆಪ್ಟೆಂಬರ್ 8ರ ತೆನೆಹಬ್ಬವನ್ನು ನೆನೆಯಿರಿ. ಹೊಸ ಅಕ್ಕಿ, ತೆಂಗಿನ ಹಾಲು, ಬಗೆಬಗೆ ತರಕಾರಿ. ಮೀನು ಮಾಂಸವಿಲ್ಲದೆಯೂ ಇಡೀ ಮನೆ ಸಂತೋಷವಾಗಿ ಉಣ್ಣುತ್ತದೆ. ಅಜ್ಜಿಯಂದಿರಿಗೆ ತಿಳಿದಿರುವ ಈ ಅಡುಗೆ ವರ್ಷಕ್ಕೊಂದೇ ದಿನ ಏಕೆ?

ಕೊನೆಗೆ, ಈ ವಾದದಲ್ಲಿ ಬೈಬಲನ್ನು ಕೋಲಾಗಿ ಬಳಸುವುದು ಬೇಡ. ದಾನಿಯೇಲ ಹತ್ತು ದಿನ ತರಕಾರಿ ತಿಂದದ್ದು ದೇವರಿಗೆ ನಿಷ್ಠನಾಗಿರಲು, ತೂಕ ಇಳಿಸಲು ಅಲ್ಲ. ಊಟದ ವಿಷಯಕ್ಕೆ ಒಬ್ಬರನ್ನೊಬ್ಬರು ಹೀನಾಯ ಮಾಡಬಾರದೆಂಬುದೇ ರೋಮನರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಸಂತ ಪೌಲರ ಬುದ್ಧಿಮಾತು. ಧರ್ಮಕೇಂದ್ರದ ಮುಂದಿನ ಊಟದಲ್ಲಿ ಹುರುಳಿ ಪಲ್ಯವೂ ಇರಲಿ, ಮೀನಿನ ಸಾರೂ ಇರಲಿ. ಯಾರ ಬಟ್ಟಲನ್ನೂ ನೋಡಿ ಯಾರೂ ನಗದಿರಲಿ. ಈ ವಾರ ನಮ್ಮ ಮನೆಗಳಲ್ಲಿ ಅನ್ನ ಒಂದು ಸೌಟು ಕಡಿಮೆಯಾಗಿ, ಪಲ್ಯ ಎರಡು ಸೌಟು ಹೆಚ್ಚಾದರೆ ಚರ್ಚೆ ಸಾರ್ಥಕ.