ಆ ರಕ್ತದ ಋಣ

"ಬಾಯಿ ಪೂರ್ತಿ ತೆರೆಯೋಕಾಗಲ್ಲ ಡಾಕ್ಟ್ರೇ, ಸಾರು ಚೂರು ಖಾರ ಆದ್ರೂ ಉರಿ." ಅಡಿಕೆ, ಗುಟ್ಕಾ ಜಗಿಯುವವರ ಈ ಮಾತನ್ನು ಕೇಳದ ದಂತವೈದ್ಯರು ನಮ್ಮಲ್ಲಿ ಇರಲಾರರು. ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವುದು, ಉಜ್ಜಿದರೂ ಹೋಗದ ಬಿಳಿ ಮಚ್ಚೆ ಮೂಡುವುದು, ಇವು ಇನ್ನೂ ಕ್ಯಾನ್ಸರ್ ಅಲ್ಲ. ಹೆಚ್ಚಿನವು ಕ್ಯಾನ್ಸರಿಗೆ ತಿರುಗುವುದೂ ಇಲ್ಲ. ಕೆಲವು ತಿರುಗುತ್ತವೆ. ಯಾವ ಬಾಯಿ ತಿರುಗುತ್ತದೆ ಎಂಬುದನ್ನು ರಕ್ತದಲ್ಲಿರುವ ಪ್ರೋಟೀನುಗಳು ಮೊದಲೇ ಹೇಳಬಲ್ಲವೇ? ಸಂಶೋಧಕರ ಹುಡುಕಾಟವೆಲ್ಲ ಈ ಉತ್ತರಕ್ಕಾಗಿಯೇ.

ಈ ಒಗಟನ್ನು ಬಿಡಿಸಬೇಕಾದವರು ನಾವೇ. 2022ರ ಅಂದಾಜಿನಂತೆ ಒಂದೇ ವರ್ಷದಲ್ಲಿ ಭಾರತದ ಸುಮಾರು 1.43 ಲಕ್ಷ ಜನರಿಗೆ ತುಟಿ, ಬಾಯಿಯ ಕ್ಯಾನ್ಸರ್ ಬಂತು. ಸುಮಾರು 80 ಸಾವಿರ ಮಂದಿ ಸತ್ತರು. ನಮಗೆ ಜಾಣ್ಮೆಯ ಬರವೂ ಇಲ್ಲ. 2014ರಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆ 'ನೇಚರ್' ಪತ್ರಿಕೆಯಲ್ಲಿ ಬಂದಾಗ ಅದರ ಹಿಂದೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನ ವಿಜ್ಞಾನಿಗಳ ಬೆವರಿತ್ತು.

ಕೆಲಸ ಕಷ್ಟದ್ದು, ಒಪ್ಪೋಣ. ರಕ್ತರಸದ ಪ್ರೋಟೀನಿನಲ್ಲಿ ಅರ್ಧಕ್ಕೂ ಹೆಚ್ಚು ಬರೀ ಆಲ್ಬುಮಿನ್. ಕಡಲೆಕಾಳಿನಷ್ಟು ಗಡ್ಡೆಯಿಂದ ಸೋರಿದ್ದನ್ನು ಅದರ ನಡುವೆ ಹೆಕ್ಕುವುದೆಂದರೆ ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನು ಏರಿತೆಂದು ಹಿಗ್ಗಿದರೆ, ಅದು ಕೀವುಗಟ್ಟಿದ ವಸಡಿಗೂ ಏರುತ್ತದೆ.

ನನ್ನ ತಕರಾರು ಕಷ್ಟದ ಬಗ್ಗೆ ಅಲ್ಲ, ಯಾರ ರಕ್ತ ಎಂಬುದರ ಬಗ್ಗೆ. ಎಷ್ಟೋ ಅಧ್ಯಯನಗಳು ಈಗಾಗಲೇ ಕ್ಯಾನ್ಸರ್ ಖಚಿತವಾದವರ ರಕ್ತವನ್ನು ಆರೋಗ್ಯವಂತರ ರಕ್ತದ ಪಕ್ಕ ಇಟ್ಟು ನೋಡುತ್ತವೆ. ನಮ್ಮಲ್ಲಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹೆಚ್ಚಿನವರ ಕಾಯಿಲೆ ಬಲಿತಿರುತ್ತದೆ. ವ್ಯತ್ಯಾಸ ಕಾಣದೆ ಇರುತ್ತದೆಯೇ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ! ಬೇಕಾದದ್ದು ಮಚ್ಚೆಯಷ್ಟೇ ಇರುವವರ, ಬಾಯಿ ಬಿಗಿದವರ ರಕ್ತ. ಅದನ್ನು ವರ್ಷ ವರ್ಷ ತೆಗೆದು, ಅವರ ಬೆನ್ನಿಗಿದ್ದು, ಯಾರಿಗೆ ಏನಾಯಿತೆಂದು ಬರೆದಿಡಬೇಕು. ಮೂರು ವರ್ಷದ ಅನುದಾನಕ್ಕೆ, ಪಿಎಚ್‌ಡಿಯ ಗಡುವಿಗೆ ಅದು ಹೊಂದುವುದಿಲ್ಲ. ಹಾಗಾದರೆ ಬದಲಾಗಬೇಕಾದದ್ದು ಗಡುವು ತಾನೇ?

ಇನ್ನೊಂದು ಲೆಕ್ಕ. ಒಂದು ಲಕ್ಷ ಜನರಲ್ಲಿ 100 ಮಂದಿಗೆ ಕಾಯಿಲೆ ಇದೆಯೆಂದುಕೊಳ್ಳಿ. ನೂರಕ್ಕೆ 95 ಸರಿ ಹೇಳುವ ಪರೀಕ್ಷೆ 95 ರೋಗಿಗಳನ್ನು ಹಿಡಿಯುತ್ತದೆ; ಜೊತೆಗೆ 4,995 ಆರೋಗ್ಯವಂತರನ್ನೂ ಹೆದರಿಸುತ್ತದೆ. 'ಒಂದು ಹನಿ ರಕ್ತ ಸಾಕು' ಎಂಬ ಸುದ್ದಿ ಕೊಡುವ ಮುನ್ನ ಸಂಶೋಧಕರೂ ಪತ್ರಕರ್ತರೂ ಈ ಐದು ಸಾವಿರ ಮನೆಗಳ ಆ ರಾತ್ರಿಯನ್ನು ನೆನೆಯಲಿ.

ನಂಬಬಲ್ಲ ರಕ್ತಪರೀಕ್ಷೆ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ನಡೆದ ಪ್ರಯೋಗದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ, ಬೆಳಕು ಹಿಡಿದು ಬಾಯಿ ನೋಡಿದರು. ತಂಬಾಕು, ಮದ್ಯದ ರೂಢಿಯಿದ್ದವರಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮುಂದಿರುವ ಕರ್ನಾಟಕದಲ್ಲಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರವೂ ಇಷ್ಟು ಮಾಡಬಾರದೇ? ಹೀಗೆ ನೋಡಿದ ಬಾಯಿಗಳಿಂದಲೇ ಆ ವರ್ಷ ವರ್ಷದ ರಕ್ತವೂ ಸಿಗುತ್ತದೆ. ಟಾರ್ಚೂ ಪ್ರಯೋಗಾಲಯವೂ ಸವತಿಯರಲ್ಲ.

ಪ್ರಯೋಗಾಲಯದ ಶೀತಲಪೆಟ್ಟಿಗೆಗಳಲ್ಲಿರುವ ರಕ್ತದ ಕೊಳವೆಗಳ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಕೊಟ್ಟವರಲ್ಲಿ ಹಲವರು ಈಗ ಇಲ್ಲ. ಅವರು ಕೊಟ್ಟದ್ದು ಪ್ರಬಂಧದ ಕೊನೆಯ ಕೃತಜ್ಞತೆಯ ಸಾಲಿಗಲ್ಲ. ಹಣ ಕೊಡುವವರೇ, ಹತ್ತು ವರ್ಷಕ್ಕೆ ಕೊಡಿ. ಸಂಶೋಧಕರೇ, ಫಲಿಸದೆ ಹೋದ ಪ್ರೋಟೀನು-ಗುರುತುಗಳನ್ನೂ ಪ್ರಕಟಿಸಿ. ಬಾಯಲ್ಲಿ ಮಚ್ಚೆಯಿರುವವರೇ, ಕವಳ ಇವತ್ತೇ ಉಗಿಯಿರಿ. ಅಧ್ಯಯನದವರು ತೋಳು ಚಾಚಿ ಎಂದರೆ ಚಾಚಿ. ಚಾಚುವಾಗಲೇ ಕೇಳಿ: "ಮುಂದಿನ ವರ್ಷವೂ ನನ್ನ ಬಾಯಿ ನೋಡೋಕೆ ಬರ್ತೀರಾ?"