ಆಸ್ಪತ್ರೆಯ ಬಾಗಿಲಲ್ಲಿ ಒಟಿಪಿ: ಹೆಬ್ಬಾಳದಲ್ಲಿ ಕಂಡದ್ದು

ಕಳೆದ ತಿಂಗಳು ಮೈಸೂರಿನ ಹೆಬ್ಬಾಳಕ್ಕೆ ಹೋಗಿದ್ದೆವು. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿಯೂ ಇನ್ಫೋಸಿಸ್ ಆವರಣದಲ್ಲಿಯೂ ದುಡಿಯುವ ಕರಾವಳಿಯ ಮಕ್ಕಳು ಕಡಿಮೆಯಿಲ್ಲ. ಊರಿನ ಮನೆಗೆ ಬೀಗ ಹಾಕಿ ಅವರ ಜತೆ ಬಂದು ನೆಲೆಸಿದ ತಂದೆತಾಯಿಯರೂ ಇದ್ದಾರೆ. ಊರಿನಲ್ಲಿದ್ದಾಗ ಬೆಳಗ್ಗಿನ ಪೂಜೆಗೆ ಒಂದು ದಿನವೂ ತಪ್ಪದ ಎಪ್ಪತ್ತರ ಹರೆಯದ ತಾಯಿಯೊಬ್ಬರು ಅಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ದಾಖಲಾಗಿರುವ ಸುದ್ದಿ ತಿಳಿದು, ಪರಮಪ್ರಸಾದ ಹಾಗೂ ಅಭ್ಯಂಗದ ಎಣ್ಣೆಯೊಂದಿಗೆ ಸಂಜೆ ಐದಕ್ಕೆ ಗೇಟಿನ ಬಳಿ ಹೋಗಿ ನಿಂತೆವು.

ಕಾವಲುಗಾರ ಬಹಳ ಮರ್ಯಾದೆಯಿಂದಲೇ ಮಾತಾಡಿದ. ಈಗ ಕಾಗದದ ಪಾಸ್ ಇಲ್ಲವಂತೆ. ರೋಗಿಯ ಕಡೆಯವರು ಆಸ್ಪತ್ರೆಯ ಪೋರ್ಟಲ್‌ನಲ್ಲಿ ಭೇಟಿಗೆ ಬರುವವರ ಹೆಸರು ಹಾಕಬೇಕು, ದಾಖಲಾದ ಮೊಬೈಲಿಗೆ ಒಟಿಪಿ ಬರುತ್ತದೆ, ಅದನ್ನು ತೋರಿಸಿದರೆ ಒಳಗೆ ಹೋಗಬಹುದು. ಮಗಳು ಮೇಲಿನ ವಾರ್ಡಿನಿಂದ ಇಳಿದು ಬಂದರು. "ಫಾದರ್, ಒಟಿಪಿ ತಮ್ಮನ ಮೊಬೈಲಿಗೆ ಹೋಗಿದೆ. ಅವ ಸೆಕೆಂಡ್ ಶಿಫ್ಟಿನಲ್ಲಿದ್ದಾನೆ. ಫ್ಯಾಕ್ಟರಿಯಲ್ಲಿ ಮೊಬೈಲ್ ಗೇಟಲ್ಲೇ ಇಟ್ಟು ಹೋಗಬೇಕು" ಎಂದರು. ತಮ್ಮನ ಮೊಬೈಲು ಹೆಬ್ಬಾಳದ ಕಾರ್ಖಾನೆಯೊಂದರ ಕಪಾಟಿನಲ್ಲಿ, ತಾಯಿ ಮೂರನೆಯ ಮಹಡಿಯಲ್ಲಿ, ನಾವು ಬಾಗಿಲಲ್ಲಿ. ಒಂದು ಗಂಟೆಯ ನಂತರ ವಾರ್ಡಿನ ನರ್ಸ್ ಒಬ್ಬರು ಕೆಳಗೆ ಫೋನ್ ಮಾಡಿ "ಅವರನ್ನು ಬಿಡಿ" ಎಂದದ್ದರಿಂದ ಹತ್ತು ನಿಮಿಷದ ಅವಕಾಶ ಸಿಕ್ಕಿತು.

ಆಸ್ಪತ್ರೆಯನ್ನು ದೂರಲು ಇದನ್ನು ಬರೆಯುತ್ತಿಲ್ಲ. ಭೇಟಿಗೆ ಕಡಿವಾಣ ಬೇಕೆಂಬುದಕ್ಕೆ ಬಲವಾದ ಕಾರಣಗಳಿವೆ. ಒಬ್ಬ ರೋಗಿಯ ಸುತ್ತ ಹತ್ತು ಜನ ಕುಳಿತು ಚಕ್ಕುಲಿ ತಿನ್ನುವ ನಮ್ಮ ಅಭ್ಯಾಸ ಎಲ್ಲರಿಗೂ ಗೊತ್ತಿರುವುದೇ. ಸೋಂಕು ಎಂದರೇನೆಂದು ಕೋವಿಡ್ ಕಾಲ ಕಲಿಸಿತು. ವೈದ್ಯರ ಮೇಲೆ ಕೈಮಾಡುವವರ ವಿರುದ್ಧ ಕರ್ನಾಟಕ 2009ರಲ್ಲೇ ಪ್ರತ್ಯೇಕ ಕಾಯಿದೆ ತರಬೇಕಾಯಿತು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಮೇಲೆ ನಡೆದ ಅತ್ಯಾಚಾರ ಮತ್ತು ಕೊಲೆಯ ಬಳಿಕ ಸುಪ್ರೀಂ ಕೋರ್ಟು ವೈದ್ಯರ ಸುರಕ್ಷತೆಗಾಗಿ ರಾಷ್ಟ್ರೀಯ ಕಾರ್ಯಪಡೆಯನ್ನು ನೇಮಿಸಿತು. ಯಾರು ಬಂದರು, ಯಾರು ಹೋದರು ಎಂಬ ಲೆಕ್ಕ ಇರಬೇಕಾದದ್ದೇ. ಆ ಕಾವಲುಗಾರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ.

ನಮ್ಮನ್ನು ಚಿಂತೆಗೆ ಹಚ್ಚಿದ್ದು ಬೇರೆ ಸಂಗತಿ. ರೋಗಿಯ ಸಮಸ್ತವೂ ಈಗ ಒಂದು ಮೊಬೈಲ್ ಸಂಖ್ಯೆಯಲ್ಲಿ ನೆಲೆಸಿದೆ. ವೈದ್ಯರ ಭೇಟಿಯ ಸಮಯ, ರಕ್ತಪರೀಕ್ಷೆಯ ವರದಿ, ಬಿಲ್ಲು, ಡಿಸ್ಚಾರ್ಜ್ ಪತ್ರ, ಈಗ ಭೇಟಿಯ ಪಾಸು ಕೂಡ. ಆ ಸಂಖ್ಯೆ ಬಹಳ ಸಲ ರೋಗಿಯದ್ದಲ್ಲ.

ಈ ವ್ಯವಸ್ಥೆ ಒಂದೇ ದಿನದಲ್ಲಿ ಬಂದದ್ದೇನಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಮನೆಯಿಂದಲೇ ಹೆಸರು ನೋಂದಾಯಿಸುವ ಆನ್‌ಲೈನ್ ಸೌಲಭ್ಯವನ್ನು ಕೇಂದ್ರ ಸರಕಾರ 2015ರಲ್ಲಿ ಆರಂಭಿಸಿತು. ಬಳಿಕ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವ್ಯಾಪಿಯಾಯಿತು. 'ಆಭಾ' ಎಂಬ 14 ಅಂಕಿಗಳ ಆರೋಗ್ಯ ಸಂಖ್ಯೆ ಅದರದ್ದೇ. ಇದುವರೆಗೆ 70 ಕೋಟಿಗೂ ಹೆಚ್ಚು ಆಭಾ ಸಂಖ್ಯೆಗಳನ್ನು ನೀಡಲಾಗಿದೆ. 2022ರಿಂದ ಆಸ್ಪತ್ರೆಯ ಗೋಡೆಗೆ ಅಂಟಿಸಿದ ಕ್ಯೂಆರ್ ಸಂಕೇತವನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ವಿಳಾಸ ನೇರವಾಗಿ ಕೌಂಟರಿಗೆ ಹೋಗಿ ಟೋಕನ್ ಸಿಗುವ ಏರ್ಪಾಡೂ ಬಂದಿದೆ.

ಇದರಿಂದ ಉಪಕಾರವಿಲ್ಲವೆಂದರೆ ಅನ್ಯಾಯವಾದೀತು. ದೊಡ್ಡ ಸರಕಾರಿ ಆಸ್ಪತ್ರೆಯ ಹೊರರೋಗಿ ಚೀಟಿಗಾಗಿ ಬೆಳಗಿನ ಜಾವವೇ ಹಳ್ಳಿಯಿಂದ ಹೊರಟು ಸಾಲಿನಲ್ಲಿ ನಿಂತವರಿಗೆ ಅರ್ಧ ಗಂಟೆ ಉಳಿದರೂ ದೊಡ್ಡದೇ. ಎಚ್.ಡಿ. ಕೋಟೆಯಿಂದ ಕೇವಲ ಒಂದು ವರದಿ ಪಡೆಯಲು ಮತ್ತೊಮ್ಮೆ ಬಸ್ ಹತ್ತುವುದು ತಪ್ಪಿದರೆ ಒಂದು ದಿನದ ಕೂಲಿ ಉಳಿಯುತ್ತದೆ. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಬಂದವರು ಮಂಗಳೂರಿನ ವೈದ್ಯರ ಮುಂದೆ ಪ್ಲಾಸ್ಟಿಕ್ ಚೀಲ ಕೊಡವಿ ಕಾಗದ ಹುಡುಕುವುದನ್ನು ನಾವೇ ಕಂಡಿದ್ದೇವೆ. ಇನ್ನೊಂದು ವಿಷಯವನ್ನೂ ಹೇಳಬೇಕು. ಆಭಾ ಪದ್ಧತಿಯಲ್ಲಿ ದಾಖಲೆಗಳೆಲ್ಲ ದೆಹಲಿಯ ಒಂದೇ ಉಗ್ರಾಣದಲ್ಲಿ ಶೇಖರವಾಗುವುದಿಲ್ಲ. ಅವು ಆಯಾ ಆಸ್ಪತ್ರೆಯಲ್ಲೇ ಇರುತ್ತವೆ, ರೋಗಿ ಒಪ್ಪಿದರೆ ಮಾತ್ರ ಇನ್ನೊಂದು ಆಸ್ಪತ್ರೆಗೆ ತೋರುತ್ತವೆ. ಆಭಾ ಸಂಖ್ಯೆ ಪಡೆಯುವುದು ಕಡ್ಡಾಯವೂ ಅಲ್ಲ.

ಆದರೆ 'ರೋಗಿ ಒಪ್ಪಿದರೆ' ಎಂಬಲ್ಲಿ ಒಪ್ಪುವವರು ಯಾರು? ಮೊಬೈಲು ಯಾರ ಕೈಯಲ್ಲಿದೆಯೋ ಅವರು.

ಹೆಬ್ಬಾಳದಲ್ಲಿ ಎರಡು ದಿನ ಓಡಾಡಿದರೆ ಇದರ ಎರಡು ಮುಖಗಳೂ ಕಾಣುತ್ತವೆ. ಇನ್ಫೋಸಿಸ್‌ನ ತರಬೇತಿ ಕೇಂದ್ರಕ್ಕೆ ಬರುವ ಹುಡುಗ ಹುಡುಗಿಯರಿಗೆ ಪೋರ್ಟಲ್ ಎಂಬುದು ಬೆರಳ ತುದಿಯ ಆಟ. ವಿಮೆಯ ಕಾರ್ಡೂ ಮೊಬೈಲಿನಲ್ಲೇ ಇರುತ್ತದೆ. ರಸ್ತೆಯ ಈಚೆಗಿನ ಕಾರ್ಖಾನೆಗಳ ಕಾರ್ಮಿಕರ ಆಧಾರ ಇಎಸ್‌ಐ. 1948ರ ಕಾಯಿದೆಯಿಂದ ಹುಟ್ಟಿದ ಈ ಯೋಜನೆಯ ಸಂಬಳದ ಮಿತಿಯನ್ನು 2017ರ ಜನವರಿಯಲ್ಲಿ 15,000 ರೂಪಾಯಿಯಿಂದ 21,000ಕ್ಕೆ ಏರಿಸಲಾಯಿತು. 2019ರ ಜುಲೈಯಲ್ಲಿ ಕಾರ್ಮಿಕನ ಪಾಲನ್ನು ಸಂಬಳದ ಶೇಕಡಾ 0.75ಕ್ಕೆ ಇಳಿಸಲಾಯಿತು. ಹಣ ಕಡಿತವಾಗುವುದು ಆತನ ಸಂಬಳದಿಂದ, ಚಿಕಿತ್ಸೆಯ ಹಕ್ಕು ಹೆಂಡತಿ ಮಕ್ಕಳಿಗೆ ಮತ್ತು ಅವಲಂಬಿತ ತಂದೆತಾಯಿಗೂ ಇದೆ. ಇಂದು ಈ ಯೋಜನೆಯಲ್ಲಿಯೂ ದಾಖಲೆ ಕಂಪ್ಯೂಟರಿನಲ್ಲೇ. ಗುತ್ತಿಗೆ ಬದಲಾದಂತೆ ಊರು ಬದಲಿಸುವ, ಅಗ್ಗದ ಕೊಡುಗೆ ಕಂಡಾಗ ಸಿಮ್ ಬದಲಿಸುವ ಕಾರ್ಮಿಕನಿಗೆ ಹಳೆಯ ಸಂಖ್ಯೆ ದಾಖಲೆಯಲ್ಲಿ ಉಳಿದಿದೆಯೆಂಬ ನೆನಪಾಗುವುದು ಹೆಂಡತಿಗೆ ಹೆರಿಗೆ ನೋವು ಬಂದ ರಾತ್ರಿ.

ಭಾಷೆಯ ಮಾತೂ ಇದೆ. 2024ರ ತಿದ್ದುಪಡಿಯ ಪ್ರಕಾರ ಕರ್ನಾಟಕದ ಆಸ್ಪತ್ರೆಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕು. ಬಾಗಿಲಲ್ಲಿ ದೊಡ್ಡಕ್ಷರದ ಕನ್ನಡ ಓದಿ ಸಂತೋಷಪಟ್ಟು ಒಳಗೆ ಹೋದ ಅಜ್ಜಿಗೆ ಮೊಬೈಲಿನಲ್ಲಿ ಬರುವ ಸಂದೇಶ ಬಹುಪಾಲು ಇಂಗ್ಲಿಷಿನದ್ದು. ಫಲಕ ಕನ್ನಡದ್ದಾದರೂ ಪೋರ್ಟಲ್ ಕನ್ನಡ ಕಲಿಯಲು ಇನ್ನೆಷ್ಟು ತಿದ್ದುಪಡಿ ಬೇಕೋ!

ಇದಕ್ಕಿಂತ ಸೂಕ್ಷ್ಮವಾದದ್ದು ವರದಿಯ ಪ್ರಶ್ನೆ. ಅಮೆರಿಕದಲ್ಲಿ 2021ರ ಏಪ್ರಿಲ್ 5ರಿಂದ ಜಾರಿಗೆ ಬಂದ ನಿಯಮದಂತೆ ಪರೀಕ್ಷೆಯ ಫಲಿತಾಂಶವನ್ನು ರೋಗಿಯಿಂದ ವಿನಾಕಾರಣ ತಡೆಹಿಡಿಯುವಂತಿಲ್ಲ. ಅದರ ಪರಿಣಾಮವಾಗಿ ವೈದ್ಯರು ನೋಡುವ ಮೊದಲೇ ತಮ್ಮ ಅರ್ಬುದದ ಸುದ್ದಿಯನ್ನು ಫೋನಿನಲ್ಲಿ ಓದಿದವರಿದ್ದಾರೆ. ನಮ್ಮಲ್ಲಿ ಅಂಥ ನಿಯಮವಿಲ್ಲದಿದ್ದರೂ ಪ್ರಯೋಗಾಲಯದ ಕೊಂಡಿ ನೇರ ಮೊಬೈಲಿಗೆ ಬಂದುಬಿಡುತ್ತದೆ. ವ್ಯತ್ಯಾಸವೆಂದರೆ, ಅಲ್ಲಿ ಅದನ್ನು ಓದುವವನು ರೋಗಿ. ಇಲ್ಲಿ ಮಗ, ಅಳಿಯ, ಕೆಲವೊಮ್ಮೆ ನೆರೆಮನೆಯ ಕಾಲೇಜು ಹುಡುಗ. ಅಮ್ಮನಿಗೆ ಹೇಳುವುದೋ ಬೇಡವೋ ಎಂದು ಮನೆಯವರು ಮೂರು ದಿನ ಪಿಸುಗುಟ್ಟುತ್ತಾರೆ. ಅಷ್ಟರೊಳಗೆ ಬಂಧುಗಳ ವಾಟ್ಸಪ್ ಗುಂಪಿನಲ್ಲಿ ಪ್ರಾರ್ಥನೆಯ ಬೇಡಿಕೆ ರೋಗದ ಹೆಸರಿನ ಸಮೇತ ಹರಿದಾಡಿರುತ್ತದೆ. ಪ್ರಾರ್ಥನೆಯ ಹೆಸರಿನಲ್ಲಾದರೂ ಇದು ಗುಟ್ಟು ಬಯಲಾಗುವುದೇ ಎಂದು ನಾವು ಗುರುಗಳೂ ನೆನಪಿಡಬೇಕು. ಪಾಪನಿವೇದನೆಯ ಗುಟ್ಟನ್ನು ಪ್ರಾಣ ಹೋದರೂ ಕಾಯುವ ನಾವು ಬಲಿಪೂಜೆಯ ಕೊನೆಯ ಪ್ರಕಟಣೆಗಳಲ್ಲಿ ಕಾಯಿಲೆಯ ಹೆಸರನ್ನು ಸಲೀಸಾಗಿ ಓದಿಬಿಡುತ್ತೇವೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆಸ್ಪತ್ರೆಗಳ ಹೊಣೆಯನ್ನು ಅದು ಹೆಚ್ಚಿಸುತ್ತದೆ, ಕುಟುಂಬದೊಳಗಿನ ಈ ಸೋರಿಕೆಗೆ ಅದರಲ್ಲಿ ಮದ್ದಿಲ್ಲ. ಯಂತ್ರವನ್ನೇ ನೆಚ್ಚಿದರೆ ಏನಾಗುತ್ತದೆಂಬುದನ್ನು ದೆಹಲಿಯ ಏಮ್ಸ್ ಕಂಡಿದೆ. 2022ರ ನವೆಂಬರ್ 23ರಂದು ಅದರ ಸರ್ವರುಗಳ ಮೇಲೆ ದಾಳಿ ನಡೆದು ಸುಮಾರು ಎರಡು ವಾರ ದೇಶದ ಅಗ್ರ ಆಸ್ಪತ್ರೆ ಪೆನ್ನು ಕಾಗದ ಹಿಡಿದು ಕೆಲಸ ಮಾಡಿತು. ಕಾಗದದಲ್ಲಿ ಕೆಲಸ ಮಾಡಬಲ್ಲ ಸಿಬ್ಬಂದಿ ಅಲ್ಲಿದ್ದುದರಿಂದ ರೋಗಿಗಳು ಬದುಕಿದರು.

ಇನ್ನು ಭೇಟಿಯ ವಿಷಯ. ರೋಗಿಗಳನ್ನು ಸಂದರ್ಶಿಸುವುದು ನಮಗೆ ಸೌಜನ್ಯದ ಭೇಟಿ ಅಲ್ಲ, ದಯಾಕಾರ್ಯಗಳಲ್ಲಿ ಒಂದು. ರೋಗಿಗಳನ್ನು, ಅದರಲ್ಲೂ ಮರಣಾಸನ್ನರನ್ನು ಸಂಸ್ಕಾರಗಳಿಂದ ಸಂತೈಸುವುದು ವಿಚಾರಣೆಯ ಗುರುವಿನ ಕರ್ತವ್ಯವೆಂದು ಧರ್ಮಸಭೆಯ ಕಾನೂನು ಸಂಹಿತೆಯ 529ನೆಯ ವಿಧಿ ಹೇಳುತ್ತದೆ. ಸಾವು ಒಟಿಪಿಗಾಗಿ ಕಾಯುವುದಿಲ್ಲ. ಆದ್ದರಿಂದ ಕೊನೆಯ ಘಳಿಗೆಯ ಭೇಟಿಗೆ ವಾರ್ಡಿನ ಮುಖ್ಯ ನರ್ಸ್ ಒಬ್ಬರ ಮಾತೇ ಸಾಕೆಂಬ ಲಿಖಿತ ನಿಯಮವನ್ನು ಪ್ರತಿಯೊಂದು ಆಸ್ಪತ್ರೆಯೂ ಇಟ್ಟುಕೊಳ್ಳಬೇಕು. ನಮಗೆ ಮಾತ್ರವಲ್ಲ, ಮೌಲವಿಗೂ ಪುರೋಹಿತರಿಗೂ ದೂರದ ಊರಿನಿಂದ ಓಡಿ ಬಂದ ಅಣ್ಣತಮ್ಮಂದಿರಿಗೂ. 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರ ಔಷಧಾಲಯದಿಂದ ಆರಂಭಿಸಿದ ಸೇವೆಯ ಪರಂಪರೆಯವರು ನಾವು. ನಮ್ಮದೇ ಸಂಸ್ಥೆಗಳು ಈ ವಿಷಯದಲ್ಲಿ ಮೊದಲ ಹೆಜ್ಜೆ ಇಟ್ಟರೆ ಇತರರನ್ನು ಕೇಳಲು ನಮಗೆ ಬಾಯಿ ಬರುತ್ತದೆ.

ಧರ್ಮಕೇಂದ್ರಗಳಲ್ಲಿಯೂ ಕೆಲಸವಿದೆ. ಯುವ ಸಂಚಲನದ ಹುಡುಗರು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ಭಾನುವಾರದ ಪೂಜೆಯ ಬಳಿಕ ಹಿರಿಯರ ಪಕ್ಕ ಕುಳಿತು ಯಾವ ಆಸ್ಪತ್ರೆಯಲ್ಲಿ ಯಾರ ಸಂಖ್ಯೆ ದಾಖಲಾಗಿದೆ ಎಂದು ಕೇಳಿ ಬರೆದುಕೊಡಬಹುದು. ತಮ್ಮ ಸಂಖ್ಯೆಯನ್ನು ಮಾತ್ರ ಹಾಕಕೂಡದು. ಹಾಗೆ ಸಹಾಯ ಮಾಡಿದ ಹುಡುಗ ದುಬಾಯಿಗೆ ಹೋದ ಮೇಲೆ ಅಜ್ಜನ ರಕ್ತದೊತ್ತಡದ ಸಂದೇಶ ಅಲ್ಲಿಗೆ ಹೋಗುತ್ತಿದ್ದ ಕತೆ ನಮಗೆ ಗೊತ್ತು.

ಆ ತಾಯಿ ಈಗ ಮನೆಗೆ ಮರಳಿದ್ದಾರೆ. ಮೊನ್ನೆ ಮಗಳು ಫೋನ್ ಮಾಡಿದ್ದರು. ಆಸ್ಪತ್ರೆಯ ದಾಖಲೆಯಲ್ಲಿ ತಮ್ಮನ ಸಂಖ್ಯೆಯ ಜತೆ ತಮ್ಮ ಸಂಖ್ಯೆಯನ್ನೂ ಸೇರಿಸಿದ್ದಾರಂತೆ. ಅದಕ್ಕೆ ಪೋರ್ಟಲ್‌ನಲ್ಲಿ ಜಾಗವಿರಲಿಲ್ಲ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಅಮ್ಮನ ಸಹಿ ಹಾಕಿಸಿ ಕೌಂಟರಿನಲ್ಲಿ ಕೊಟ್ಟು ಬಂದರಂತೆ.